ಮನೆಯವರ ಸಹಿ

೮ ಜನವರಿ ೨೦೧೪, ಬುಧವಾರ

ಸಂಜೆ ಚಹಾದ ಹೊತ್ತಿಗೆ ಲೀಲಾಧರ ಸರ್ ನಮ್ಮನ್ನೆಲ್ಲ ಆಫೀಸಿಗೆ ಕರೆದರು. ನಮ್ಮ ವ್ಯಸನಮುಕ್ತಿ ಕೇಂದ್ರ ನಡೆಸುವ ಟ್ರಸ್ಟಿನಿಂದ ಪತ್ರ ಬಂದಿದೆ. ಏಪ್ರಿಲ್ ಒಂದರಿಂದ ಸರ್ಟಿಫಿಕೇಟ್ ಇಲ್ಲದವರು ಕೌನ್ಸೆಲಿಂಗಿಗೆ ಕೂರುವಂತಿಲ್ಲ, ಗುಂಪು ನಡೆಸುವಂತಿಲ್ಲ, ಫೈಲಿನಲ್ಲಿ ಒಂದು ಸಾಲು ಬರೆಯುವಂತಿಲ್ಲ. ಓದಿ ಬಂದವರಿಗೆ ಒಂದು ದಾರಿಯಂತೆ, ಚಟದಿಂದ ಬಿಡಿಸಿಕೊಂಡು ಬಂದವರಿಗೆ ಇನ್ನೊಂದು. ಜ್ಯೋತ್ಸ್ನಾ ಎಂ.ಎಸ್.ಡಬ್ಲ್ಯೂ. ಮಾಡಿದ ಹುಡುಗಿ, ಅವಳದು ಮೊದಲನೆಯದು. ನನ್ನದು ಎರಡನೆಯದು.

"ನೀವು ಹೆದರ್ಲಿಕ್ಕೆ ಎಂತ ಇಲ್ಲ ಸತ್ಯಭಾಮಕ್ಕ," ಅಂದರು ಸರ್. "ನಾಲ್ಕೂವರೆ ವರ್ಷ ಆಯ್ತಲ್ವಾ ನಿಮ್ಗೆ. ಅದೇ ನಿಮ್ಮ ಡಿಗ್ರಿ."

ಅವರು ಕುಡಿತ ಬಿಟ್ಟು ಹದಿನೈದು ವರ್ಷ. ಎಲ್ಲರೆದುರು ಹೇಳಿಕೊಳ್ಳುತ್ತಾರೆ, ನಗುತ್ತಲೇ. ಗಂಡಸರಿಗೆ ಅದು ಸಲೀಸು.

ಹೆಂಗಸರ ವಾರ್ಡಿಗೆ ನಿನ್ನೆ ಹೊಸಬಳೊಬ್ಬಳು ಸೇರಿದ್ದಾಳೆ. ಬಾಗಿ ಅಂತ ಹೆಸರು, ಮೂವತ್ತೆರಡು ವರ್ಷ, ಕಾರ್ಕಳದ ಕಡೆಯವಳು. ಗಂಡ ಬಿಟ್ಟುಹೋದ ಮೇಲೆ ಇಲ್ಲೇ ಮುಂಬಯಿ ಹೊರವಲಯದ ಶಹಾಡಿನಲ್ಲಿ ಅಣ್ಣ ದೇಜಪ್ಪನ ಮನೆಯ ಪಕ್ಕ ಇದ್ದಳಂತೆ. ದೇಶಿ ದಾರು, ಅದು ಸಿಗದಿದ್ದರೆ ಕೆಮ್ಮಿನ ಸಿರಪ್. ನಾಲ್ಕು ವರ್ಷದ ಮಗಳು ಅಣ್ಣನ ಹೆಂಡತಿಯ ಹತ್ತಿರ. ಶಾಲೆ ಕಂಡವಳಲ್ಲ, ತುಳು ಬಿಟ್ಟರೆ ಅವಳಿಗೆ ಬರುವುದು ತರಕಾರಿ ಕೊಳ್ಳುವಷ್ಟು ಹಿಂದಿ. "ಅಪರೂಪಕ್ಕೆ ಕುಡೀತಿದ್ದೆ ಅಕ್ಕ, ಅಣ್ಣನಿಗೆ ಸುಮ್ನೆ ಹೆದರಿಕೆ," ಅಂದಳು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಸುಳ್ಳು ಹೇಳುವುದರಲ್ಲಿ ಇವರೆಲ್ಲ ಪಂಡಿತರು.

೧೧ ಜನವರಿ, ಶನಿವಾರ

ಫಾರ್ಮ್ ಸಿಕ್ಕಿತು. ಆರು ಪುಟ. ಹೆಸರು, ವಿಳಾಸ, ಎಷ್ಟು ಗಂಟೆ ಕೆಲಸ ಮಾಡಿದ್ದೀರಿ, ಅದೆಲ್ಲ ಸರಿ. ನಾಲ್ಕನೆಯ ಪುಟದಲ್ಲಿ ಕೇಳುತ್ತಾರೆ: ಯಾವ ವಸ್ತು, ಹೇಗೆ ಶುರುವಾಯಿತು, ಎಲ್ಲಿಂದ ಸಿಗುತ್ತಿತ್ತು, ಅದರಿಂದ ಬೇರೆ ಯಾರಿಗಾದರೂ ಹಾನಿಯಾಯಿತೇ. ಕೊನೆಯಲ್ಲಿ, ಮೇಲೆ ಬರೆದದ್ದೆಲ್ಲ ನಿಜವೆಂದು ಮನೆಯವರೊಬ್ಬರ ಸಹಿ.

ಮೂರು ಪುಟ ತುಂಬಿಸಿ ಇಟ್ಟಿದ್ದೇನೆ.

೧೯ ಜನವರಿ, ಭಾನುವಾರ

ಇವತ್ತು ಇವರ ಹತ್ತಿರ ಮಾತೆತ್ತಿದೆ. ಮಧ್ಯಾಹ್ನ ನಮ್ಮ ಹೋಟೆಲಿನಿಂದ ಊಟಕ್ಕೆ ಬಂದಿದ್ದರು. ಸಾರು ಬಡಿಸುತ್ತ ಹೇಳಿದೆ.

"ಸಹಿಯಾ? ಎಂತದಕ್ಕೆ?"

"ನಾನು ಬಿಟ್ಟಿದ್ದೇನೆ ಅಂತ."

"ಬಿಟ್ಟಿದ್ದಿ ಅಂತ ಬರೆದ್ರೆ ಮೊದಲು ಹಿಡಿದಿದ್ದಿ ಅಂತ ಆಗ್ಲಿಲ್ವಾ ಸತ್ಯಾ?"

ಮಗಳು ಪ್ರಿಯಂವದಾಳ ಜಾತಕ ಘಣಸೋಲಿಯ ಒಂದು ಮನೆಗೆ ಹೋಗಿದೆ. ಹುಡುಗ ಅನಘ, ಬೇಲಾಪುರದಲ್ಲಿ ಸರಕಾರಿ ಕಚೇರಿ. ನಮ್ಮದೇ ಉಡುಪಿ ಕಡೆಯವರು, ಒಳ್ಳೆಯ ಜನ. ಅವರಿಗೂ, ಊರಿಗೂ, ಬಿಲ್ಡಿಂಗಿಗೂ ಗೊತ್ತಿರುವುದು ಒಂದೇ: ನನಗೆ ಸೊಂಟದ ತೊಂದರೆಯಾಗಿ ಒಂದು ವರ್ಷ ಚಿಕಿತ್ಸೆಯಲ್ಲಿದ್ದೆ, ಅದಕ್ಕೇ ನರ್ಸ್ ಕೆಲಸ ಬಿಟ್ಟೆ, ಈಗ ಶಹಾಡಿನ ಒಂದು ಆಸ್ಪತ್ರೆಯಲ್ಲಿ ರಿಸೆಪ್ಷನ್ನಿನಲ್ಲಿದ್ದೇನೆ.

"ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗ್ತದೆ. ಕಾಗದ ಹಾಗಲ್ಲ," ಅಂದರು. ಅನ್ನ ಅರ್ಧಕ್ಕೇ ಬಿಟ್ಟು ಎದ್ದರು. ತುಳುವಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುವಾಗ ಸಿಟ್ಟು ಸ್ವಲ್ಪ ಕಡಿಮೆ ಕಾಣುತ್ತದೆ.

ಅವರು ಕೆಟ್ಟವರಲ್ಲ. ಆ ವರ್ಷ ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಎಷ್ಟು ಜನ ಹಾಕುತ್ತಾರೆ, ನಾನು ದಿನಾ ನೋಡುತ್ತೇನೆ.

೧ ಫೆಬ್ರವರಿ, ಶನಿವಾರ

ಬೇಲಾಪುರದಲ್ಲಿ ಮೊದಲ ಕ್ಲಾಸು. ಒಟ್ಟು ಎಂಟು ಶನಿವಾರ. ಥಾಣೆಯಲ್ಲಿ ಇಳಿದು ಪನ್ವೇಲ್ ರೈಲು ಹಿಡಿದೆ, ಕೂರಲು ಜಾಗವೂ ಸಿಕ್ಕಿತು. ಹಾಲಿನಲ್ಲಿ ನಲವತ್ತು ಜನ. ನನ್ನಂಥ ಹೆಂಗಸರು ಇಬ್ಬರೇ. ಪಕ್ಕದವಳು ಕೇಳಿದಳು, "ಆಪ್ ಕಾ ಕ್ಯಾ ಥಾ?" ನಿಮ್ಮ ಚಟ ಏನಿತ್ತು ಅಂತ. ನಾನು "ದವಾಯಿ" ಅಂದೆ, ಔಷಧಿ. ಅವಳು ತಲೆಯಾಡಿಸಿ ತನ್ನದು ಹೇಳತೊಡಗಿದಳು, ಗರ್ದ್ ಅಂದರೆ ಬ್ರೌನ್ ಶುಗರ್, ಏಳು ವರ್ಷ, ಮುಂಬ್ರಾ ಸ್ಟೇಷನ್ನಿನಲ್ಲಿ ಮಲಗಿದ್ದು, ಎಲ್ಲ. ಯಾರೂ ಕೇಳದೆ.

ಪುಸ್ತಕವೆಲ್ಲ ಇಂಗ್ಲಿಷ್. ನರ್ಸಿಂಗ್ ಓದಿದ್ದ ಇಂಗ್ಲಿಷ್ ಈಗ ತುಕ್ಕು ಹಿಡಿದಿದೆ. ಪ್ರಿಯಂವದಾ ಆಫೀಸಿನಿಂದ ಬಂದು ಒಂದೊಂದು ಪುಟ ಓದಿ ಹಿಂದಿಯಲ್ಲಿ ಅರ್ಥ ಹೇಳುತ್ತಾಳೆ. ಅವಳಿಗೆ ಕನ್ನಡವೂ ತುಳುವೂ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಹಿಂದಿ. ಇವತ್ತು ಗೌಪ್ಯತೆಯ ಪಾಠ. ರೋಗಿ ಹೇಳಿದ್ದನ್ನು ಯಾರಿಗೂ ಹೇಳಬಾರದು, ಆದರೆ ಮಗುವಿಗೆ ಹಾನಿಯಾಗಿದ್ದರೆ ಹೇಳಲೇಬೇಕು. ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಟ್ಟಳು, "ಯೇ ಪಕ್ಕಾ ಆಯೇಗಾ ಮಮ್ಮಿ." ಇದು ಪರೀಕ್ಷೆಗೆ ಬಂದೇ ಬರುತ್ತದೆ ಅಂತ.

ನಾನು ಆ ವರ್ಷ ಮಲಗಿದ್ದಾಗ ಅವಳಿಗೆ ಹತ್ತೊಂಬತ್ತು. ಡಾಕ್ಟರರು ಕೊಟ್ಟ ನೋವಿನ ಔಷಧಿ ಜಾಸ್ತಿಯಾಯಿತು ಅಂತ ಅವಳಿಗೆ ಹೇಳಿದ್ದೆವು. ಮತ್ತೆ ಕೇಳಿಲ್ಲ.

೬ ಫೆಬ್ರವರಿ, ಗುರುವಾರ

ಬಾಗಿಯ ಹತ್ತಿರ ಒಂದು ಗಂಟೆ ಕೂತೆ. ಕುಡಿತದ ವಿಷಯ ಒಪ್ಪುತ್ತಾಳೆ, ಗಂಡನ ವಿಷಯ ಅಳುತ್ತ ಹೇಳುತ್ತಾಳೆ. ಮಗಳು ಅಶ್ಮಿತಾಳ ಹೆಸರೆತ್ತಿದರೆ ಬಾಗಿಲು ಹಾಕಿದ ಹಾಗೆ. ಹೋದ ವರ್ಷ ಮಗು ಎರಡು ದಿನ ಆಸ್ಪತ್ರೆಯಲ್ಲಿತ್ತು, ಜ್ವರ ನೆತ್ತಿಗೇರಿತ್ತು ಅಂತ ದೇಜಪ್ಪ ಹೇಳಿದ್ದ. ಅದನ್ನು ಕೇಳಿದೆ. "ಜ್ವರವೇ ಅಕ್ಕ," ಅಂದಳು, ಗೋಡೆ ನೋಡಿಕೊಂಡು.

ನನಗೆ ಸಿಟ್ಟು ಬಂತು. "ನೋಡು ಬಾಗಿ, ಒಳಗೆ ಇಟ್ಟುಕೊಂಡದ್ದು ಹೊರಗೆ ಬಾರದೆ ಯಾರಿಗೂ ಗುಣ ಆದದ್ದಿಲ್ಲ. ಸುಳ್ಳು ಹೇಳಿದ್ರೆ ನಿನಗೇ ನಷ್ಟ."

"ನೀವು ಎಲ್ಲ ಹೇಳಿದ್ದೀರಾ ಅಕ್ಕ?"

"ಹೇಳಿದ್ದೇನೆ."

ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು.

೨೩ ಫೆಬ್ರವರಿ, ಭಾನುವಾರ

ಇವರೇ ಒಂದು ದಾರಿ ಹುಡುಕಿಕೊಂಡು ಬಂದಿದ್ದಾರೆ. ನೋವಿನ ಮಾತ್ರೆ ಅಂತ ಬರೆಯುವುದು. ಸೊಂಟ ನೋವಿಗೆ ಡಾಕ್ಟರರೇ ಬರೆದುಕೊಟ್ಟದ್ದು, ಗೊತ್ತಿಲ್ಲದೆ ಅಭ್ಯಾಸವಾಯಿತು. ಸಿಕ್ಕಿದ್ದು ಮೆಡಿಕಲ್ ಅಂಗಡಿಯಿಂದ. ಹಾನಿ ಯಾರಿಗೂ ಇಲ್ಲ. "ಹಾಗೆ ಬರಿ, ಈಗಲೇ ಸಹಿ ಹಾಕ್ತೇನೆ. ನಾಳೆ ಯಾರು ನೋಡಿದ್ರೂ ಮರ್ಯಾದೆ ಹೋಗುವ ಹಾಗಿಲ್ಲ. ನಿನ್ನ ಕೆಲಸವೂ ಉಳೀತದೆ. ಇದಕ್ಕಿಂತ ಹೆಚ್ಚು ನಾನು ಎಂತ ಮಾಡ್ಲಿ?"

ಅವರ ಕಣ್ಣು ಕೆಂಪಾಗಿತ್ತು. ನನಗೂ ಬೇರೆ ತೋಚಲಿಲ್ಲ. ಪ್ರಿಯಂವದಾ ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು. ಕೆಳಗೆ ಇವರು ಪೂರ್ತಿ ಹೆಸರು ಬರೆದು ಸಹಿ ಹಾಕಿದರು, ಪುಂಡರೀಕಾಕ್ಷ, ಗುಂಡಗೆ, ಹೋಟೆಲಿನ ಲೈಸೆನ್ಸಿಗೆ ಹಾಕುವ ಹಾಗೆ.

೧ ಮಾರ್ಚ್, ಶನಿವಾರ

ಲಿಖಿತ ಪರೀಕ್ಷೆ. ನೂರು ಪ್ರಶ್ನೆ. ಗೌಪ್ಯತೆಯ ಪ್ರಶ್ನೆ ಬಂದಿತ್ತು.

೧೨ ಮಾರ್ಚ್, ಬುಧವಾರ

ಪಾಸಾದೆ. ಎಪ್ಪತ್ತೊಂದು. ಪ್ರಿಯಂವದಾ ಆಫೀಸಿನಿಂದ ಬರುವಾಗ ಪೇಡೆ ತಂದಳು. ನಲವತ್ತೇಳನೆಯ ವಯಸ್ಸಿನಲ್ಲಿ ಪಾಸಾಗಿ ಪೇಡೆ ತಿನ್ನುವುದು ನಾಚಿಕೆಯೂ ಆಯಿತು, ಸುಖವೂ ಆಯಿತು. ಇನ್ನು ಒಂದು ಕ್ಲಾಸು, ಆಮೇಲೆ ಮೌಖಿಕ.

೧೫ ಮಾರ್ಚ್, ಶನಿವಾರ

ಬಾಗಿ ಹೋಗಿಬಿಟ್ಟಳು. ಮಧ್ಯಾಹ್ನ ಬಟ್ಟೆ ಒಣಗಿಸಲು ಮಾಳಿಗೆಗೆ ಹೋದವಳು ಹಿಂದಿನ ಮೆಟ್ಟಿಲಿನಿಂದ ಇಳಿದು ಹೋಗಿದ್ದಾಳೆ. ನಾನು ಆಗ ಬೇಲಾಪುರದ ಕ್ಲಾಸಿನಲ್ಲಿ, ಗುಂಪು ನಡೆಸುವಾಗ ಕುರ್ಚಿಗಳನ್ನು ಹೇಗೆ ಜೋಡಿಸಬೇಕು ಎಂದು ಬರೆದುಕೊಳ್ಳುತ್ತಿದ್ದೆ. ದೇಜಪ್ಪ ಫೋನಿನಲ್ಲಿ ಅಳುತ್ತಿದ್ದ. "ನೀವು ಒಬ್ರು ಇದ್ದೀರಿ ಅಂತ ಧೈರ್ಯ ಇತ್ತು ಅಕ್ಕ."

೨೨ ಮಾರ್ಚ್, ಶನಿವಾರ

ಬರೆಯಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಬರೆಯುತ್ತೇನೆ.

ಮೌಖಿಕದಲ್ಲಿ ಮೂವರು ಇದ್ದರು. ಇಬ್ಬರು ಗಂಡಸರು, ಮಧ್ಯದಲ್ಲಿ ಒಬ್ಬ ವಯಸ್ಸಾದ ಹೆಂಗಸು, ಬಿಳಿ ಕೂದಲು, ಕಾಟನ್ ಸೀರೆ. ಹಿಂದಿಯಲ್ಲೇ ಮಾತಾಡಿ ಅಂದರು. ಎಲ್ಲದಕ್ಕೂ ಉತ್ತರ ಕೊಟ್ಟೆ. ತಲೆಯಾಡಿಸುತ್ತಿದ್ದರು. ಮುಗಿಯಿತು ಅಂತ ಪರ್ಸ್ ಎತ್ತಿಕೊಂಡೆ. ಆಗ ಆ ಹೆಂಗಸು ಫಾರ್ಮಿನ ನಾಲ್ಕನೆಯ ಪುಟ ತಿರುಗಿಸಿ, "ಯಾರಿಗೂ ಹಾನಿಯಾಗಿಲ್ಲ ಅಂತ ಬರೆದಿದ್ದೀರಿ. ನೀವು ಪುಣ್ಯವಂತರು," ಅಂದರು. ಕುಹಕವಲ್ಲ, ಮೆಚ್ಚಿಯೇ ಅಂದದ್ದು.

ನಾನು ಮತ್ತೆ ಕೂತೆ. ಮಾತ್ರೆ ಅಲ್ಲ, ಇಂಜೆಕ್ಷನ್ ಅಂದೆ. ಅಂಗಡಿಯದ್ದಲ್ಲ, ನಾನು ನರ್ಸ್ ಆಗಿದ್ದ ವಾರ್ಡಿನದ್ದು. ಮೊದಲು ಸೊಂಟಕ್ಕೆಂದು ತೆಗೆದುಕೊಂಡೆ, ಆಮೇಲೆ ಸೊಂಟ ಗುಣವಾದರೂ ತೆಗೆದುಕೊಂಡೆ. ಆಪರೇಷನ್ ಆದವರಿಗೆ ಬರೆದಿಟ್ಟ ನೋವಿನ ಇಂಜೆಕ್ಷನ್ ನಾನು ಇಟ್ಟುಕೊಂಡು ಅವರಿಗೆ ಡಿಸ್ಟಿಲ್ಡ್ ವಾಟರ್ ಚುಚ್ಚುತ್ತಿದ್ದೆ.

ಒಬ್ಬ ಅಜ್ಜಿ ಇದ್ದರು, ಸೊಂಟದ ಮೂಳೆ ಮುರಿದು ಆಪರೇಷನ್ ಆದವರು. ಮಧ್ಯಾಹ್ನದ ಪಾಳಿಯಿಡೀ ನರಳಿದರು. ನನ್ನ ಕೈ ಹಿಡಿದುಕೊಂಡು, "ಸುಯಿ ದಿಲೀಸ್ ನಾ ಪೋರೀ?" ಅಂತ ಕೇಳಿದರು. ಸೂಜಿ ಹಾಕಿದ್ದೀಯಲ್ಲ ಮಗಳೇ ಅಂತ. "ಹೋ ಆಜೀ, ದಿಲೀ," ಅಂದೆ, ಹೌದು ಹಾಕಿದೆ ಅಂತ. ಅವರು ಆಮೇಲೆ ಅಳು ತಡೆಯಲು ನೋಡಿದರು. ಸೂಜಿ ಹಾಕಿದ ಮೇಲೂ ನೋಯುತ್ತಿದೆ ಎಂದರೆ ತನ್ನದೇ ಹಟ ಅಂದುಕೊಂಡರು. "ನಿನಗೆ ತೊಂದರೆ ಕೊಡ್ತಿದ್ದೇನೆ," ಅಂದರು. ನನ್ನ ಹತ್ತಿರ ಕ್ಷಮೆ ಕೇಳಿದರು.

ಇಷ್ಟನ್ನೂ ಹೇಳಿದೆ. ಹೊರಗೆ ಮುಂದಿನವರ ಹೆಸರು ಕರೆಯುವವನು ಎರಡು ಸಲ ಇಣುಕಿ ಹೋದ.

ಬಿಳಿ ಕೂದಲಿನವರು ನೀರಿನ ಗ್ಲಾಸು ನನ್ನ ಕಡೆ ತಳ್ಳಿದರು. "ಹೇಳಿದ್ದು ಒಳ್ಳೆಯದಾಯಿತು," ಅಂದರು. ಫಾರ್ಮಿನ ಮೇಲೆ ಬೆರಳಿಟ್ಟು, "ಆದರೆ ಈ ಕಾಗದದ ಮೇಲೆ ಸುಳ್ಳಿದೆಯಲ್ಲಮ್ಮಾ," ಅಂದರು.

೨೩ ಮಾರ್ಚ್, ಭಾನುವಾರ

ಇಬ್ಬರಿಗೂ ಹೇಳಿದೆ. ಇವರು ಪೇಪರ್ ಮಡಚಿಟ್ಟು, "ನನ್ನ ಸಹಿ ಉಂಟು ಅದ್ರಲ್ಲಿ," ಅಂದರು. ಅಷ್ಟೇ. ಅಂಗಿ ಹಾಕಿಕೊಂಡು ಹೋಟೆಲಿಗೆ ಹೋದರು.

ಪ್ರಿಯಂವದಾ ಅಳಲಿಲ್ಲ. "ಉನ್ ಲೋಗೋಂ ಕೋ ಬೋಲ್ ದಿಯಾ," ಅಂದಳು. "ಮುಝೇ ಕಭೀ ನಹೀಂ ಬೋಲಾ." ಆ ಜನಕ್ಕೆ ಹೇಳಿದೆ, ನನಗೆ ಹೇಳಲಿಲ್ಲ ಅಂತ. ಟೈಪ್ ಮಾಡಿದವಳು ಅವಳು.

ಕೋಣೆಯ ಬಾಗಿಲು ಹಾಕಿಕೊಂಡಳು.

೧ ಏಪ್ರಿಲ್, ಮಂಗಳವಾರ

ಪತ್ರ ಬಂತು. ಅರ್ಜಿಯಲ್ಲಿ ತಪ್ಪು ಮಾಹಿತಿ, ಆದ್ದರಿಂದ ತಿರಸ್ಕೃತ. ಎರಡು ವರ್ಷದ ನಂತರ ಮತ್ತೆ ಅರ್ಜಿ ಹಾಕಬಹುದು. ಲೀಲಾಧರ ಸರ್ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ನಿಜ ಹೇಳಿದ್ದಕ್ಕೆ ಶಿಕ್ಷೆ ಆಯ್ತಲ್ಲ ಸತ್ಯಭಾಮಕ್ಕ."

"ಸುಳ್ಳು ಬರೆದದ್ದಕ್ಕೆ ಸರ್."

ಬಿಟ್ಟು ಹೋಗಿ ಅನ್ನಲು ಅವರಿಗೆ ಬಾಯಿ ಬರಲಿಲ್ಲ. ಅಡಿಗೆ ಮನೆ ಮತ್ತು ವಾರ್ಡಿನ ಮೇಲ್ವಿಚಾರಣೆ ನೋಡಿಕೊಳ್ಳಿ ಅಂದರು. ಮೇಲ್ವಿಚಾರಣೆ ಅಂದರೆ ಹಾಸಿಗೆ ಬಟ್ಟೆ, ಬಚ್ಚಲು, ಊಟದ ತಟ್ಟೆ. ನಿನ್ನೆಯವರೆಗೆ ಮ್ಯಾಡಮ್ ಅನ್ನುತ್ತಿದ್ದವರು ಇವತ್ತು ಮಾವಶಿ ಅಂದರು, ಆಯಾಗಳನ್ನು ಕರೆಯುವ ಹಾಗೆ. ಜ್ಯೋತ್ಸ್ನಾ ಮಾತ್ರ ಮೊದಲಿನ ಹಾಗೇ ಆಂಟಿ.

೧೦ ಏಪ್ರಿಲ್, ಗುರುವಾರ

ಘಣಸೋಲಿಯಿಂದ ಫೋನು. ಜಾತಕ ಕೂಡಿಬರುವುದಿಲ್ಲವಂತೆ. ಫೆಬ್ರವರಿಯಲ್ಲಿ ಕೂಡಿಬಂದಿತ್ತು. ಪ್ರಿಯಂವದಾ ತಾನೇ ಅನಘನಿಗೆ ಎಲ್ಲ ಹೇಳಿದ್ದಳು ಎಂದು ಇವರಿಂದ ಗೊತ್ತಾಯಿತು. ಯಾಕೆ ಹೇಳಿದಳೋ. ನನ್ನ ಮೇಲಿನ ಸಿಟ್ಟಿಗೋ, ಸುಳ್ಳಿನ ಮೇಲೆ ಸಂಸಾರ ಬೇಡವೆಂದೋ. ಕೇಳುವ ಹಕ್ಕು ನನಗೆಲ್ಲಿದೆ.

ಮಾತಾಡುತ್ತಿಲ್ಲ. ನಾನು ಮಾಡಿಟ್ಟ ಡಬ್ಬಿ ಮಾತ್ರ ತೆಗೆದುಕೊಂಡು ಹೋಗುತ್ತಾಳೆ.

೨೧ ಏಪ್ರಿಲ್, ಸೋಮವಾರ

ಬಾಗಿ ಮತ್ತೆ ಬಂದಿದ್ದಾಳೆ. ದೇಜಪ್ಪ ಕಲ್ಯಾಣ ಸ್ಟೇಷನ್ನಿನ ಹೊರಗಿಂದ ಎತ್ತಿಕೊಂಡು ಬಂದ. ಮೂವತ್ತೆಂಟು ಕೆ.ಜಿ. ಕಾಲಿನಲ್ಲಿ ಹುಣ್ಣು. ನಾನು ಮೈ ಒರೆಸಿ, ತಲೆ ತೊಳೆದು, ಹೇನು ತೆಗೆದೆ. "ಅಕ್ಕ, ನಿಮ್ಮ ಹತ್ರವೇ ಕೂರ್ಬೇಕಲ್ಲ ನಾನು?" ಅಂದಳು. ಇನ್ನು ಜ್ಯೋತ್ಸ್ನಾ ಮ್ಯಾಡಮ್ ಅಂತ ಹೇಳಿದೆ. ಯಾಕೆ ಅಂದಳು. ನನಗೆ ಕಾಗದ ಸಿಗಲಿಲ್ಲ ಅಂದೆ.

೫ ಮೇ, ಸೋಮವಾರ

ಜ್ಯೋತ್ಸ್ನಾಳ ಅಪ್ಪ ಕುಂದಾಪುರದವರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ತುಳು ಒಂದಕ್ಷರ ಬಾರದು. ಎರಡು ವಾರ ಬಾಗಿಯ ಎದುರು ಕೂತು ಎದ್ದಿದ್ದಾಳೆ. ಒಳ್ಳೆಯ ಹುಡುಗಿ, ತಾಳ್ಮೆ ನನಗಿಂತ ಹೆಚ್ಚು. ಬಾಗಿ ಗೋಡೆ ನೋಡುತ್ತಾಳಂತೆ. ನಾನು ಹೊರಗೆ ನೆಲ ಒರೆಸುತ್ತೇನೆ. ಏನು ಕೇಳಬೇಕು, ಯಾವಾಗ ಸುಮ್ಮನಿರಬೇಕು, ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಫೆಬ್ರವರಿಯಲ್ಲಿ ಬಾಗಿಗೆ ಬಾಯಿಗೆ ಬಂದದ್ದು ಹೇಳಿದವಳೂ ನಾನೇ.

೧೨ ಮೇ, ಸೋಮವಾರ

ಜ್ಯೋತ್ಸ್ನಾ ಸರ್ ಹತ್ತಿರ ಹೋಗಿ ಕೇಳಿಕೊಂಡಳು. ತುಳುವನ್ನು ಹಿಂದಿಗೆ, ಹಿಂದಿಯನ್ನು ತುಳುವಿಗೆ ತಿರುಗಿಸಿ ಹೇಳಲು ಮಾತ್ರ ನಾನು ಕೂರಬಹುದು. "ನಿಮ್ಮದು ಅಂತ ಒಂದು ಶಬ್ದ ಸೇರಬಾರದು ಸತ್ಯಭಾಮಕ್ಕ," ಅಂದರು ಸರ್. ಒಪ್ಪಿದೆ.

ಮೂವರೂ ಕೂತೆವು. ಜ್ಯೋತ್ಸ್ನಾ ಹಿಂದಿಯಲ್ಲಿ ಕೇಳಿದಳು, ನಾನು ತುಳುವಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ಬಾಗಿ ಬಾಯಿ ಬಿಟ್ಟಳು.

"ಮಗುವಿನ ವಿಷಯ ಹೇಳಿದ್ರೆ ಎಂತ ಆಗ್ತದೆ, ಕೇಳಿ ಅಕ್ಕ."

ಕೇಳಿದೆ. ಜ್ಯೋತ್ಸ್ನಾ ಪೆನ್ನು ಕೆಳಗಿಟ್ಟಳು. ಮಗುವಿಗೆ ಹಾನಿಯಾಗಿದ್ದರೆ ತಾನು ಸರ್‌ಗೆ ಹೇಳಲೇಬೇಕಾಗುತ್ತದೆ, ಮುಚ್ಚಿಡಲು ಆಗುವುದಿಲ್ಲ ಅಂದಳು. ಅದನ್ನು ಮೆದು ಮಾಡಿ ಹೇಳಬಹುದಿತ್ತು. ಬಿಟ್ಟೂ ಬಿಡಬಹುದಿತ್ತು, ಜ್ಯೋತ್ಸ್ನಾಳಿಗೆ ಗೊತ್ತಾಗುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಬಾಗಿ ಮತ್ತೆ ಗೋಡೆಯ ಕಡೆ ತಿರುಗಿದಳು.

ಆಗ ನಾನು ಮಾತಾಡಿದೆ. ಯಾರೂ ಕೇಳಿರಲಿಲ್ಲ. "ಬಾಗಿ, ಅವತ್ತು ಎಲ್ಲ ಹೇಳಿದ್ದೇನೆ ಅಂದೆನಲ್ಲ, ಅದು ಸುಳ್ಳು," ಅಂದೆ. ಅಜ್ಜಿಯ ವಿಷಯ ಹೇಳಿದೆ. ಕೈ ಹಿಡಿದದ್ದು, ಕೇಳಿದ್ದು, ನಾನು ಹೌದು ಅಂದದ್ದು. ತುಳುವಿನಲ್ಲಿ ಅದನ್ನು ನಾನು ಯಾವತ್ತೂ ಹೇಳಿರಲಿಲ್ಲ.

"ಹೇಳಿದ ಮೇಲೆ ಎಂತ ಆಯ್ತು ಅಕ್ಕ?"

"ಕಾಗದ ಹೋಯ್ತು. ಮಗಳ ಮದುವೆ ಮಾತು ಮುರೀತು. ಅವಳು ನನ್ನ ಹತ್ರ ಮಾತಾಡೋದಿಲ್ಲ."

"ಒಳ್ಳೆದು ಎಂತ ಆಗ್ಲಿಲ್ವಾ?"

"ಇಲ್ಲ."

"ಮತ್ತೆ ಯಾಕೆ ಹೇಳಿದ್ರಿ?"

"ಗೊತ್ತಿಲ್ಲ ಮಾರಾಯ್ತಿ."

ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಹೇಳಿದಳು, ನಿಧಾನವಾಗಿ, ಒಂದೊಂದೇ. ನಾನು ಹಿಂದಿಗೆ ತಿರುಗಿಸುತ್ತ ಹೋದೆ. ಕ್ಲಾಸಿನಲ್ಲಿ ಕಲಿಸಿದ್ದರು, ಇನ್ನೊಬ್ಬರ ಮಾತು ಹೇಳುವಾಗ "ಅವಳು" ಅನ್ನಬಾರದು, "ನಾನು" ಅಂತಲೇ ಹೇಳಬೇಕು ಅಂತ. ನಾನು ಮಗುವಿಗೆ ದಾರು ಕುಡಿಸಿದೆ. ಸಕ್ಕರೆ ಹಾಕಿ ಎರಡು ಚಮಚ. ನಾನು ಕುಡಿಯುವಾಗ ಅದು ಅಳಬಾರದು ಅಂತ. ದಿನಾ ಅಲ್ಲ. ಆ ದಿನ ನನಗೇ ಲೆಕ್ಕ ತಪ್ಪಿತು. ಬೆಳಗ್ಗೆ ಏಳಿಸಿದರೆ ಏಳಲಿಲ್ಲ, ತುಟಿ ನೀಲಿಯಾಗಿತ್ತು. ಅಣ್ಣನಿಗೆ ಜ್ವರ ಅಂದೆ.

"ಆಂಟಿ, ಏಕ್ ಮಿನಿಟ್." ಜ್ಯೋತ್ಸ್ನಾಳ ಮುಖ ಬಿಳಿಚಿತ್ತು. "ಇದು ನಿಮ್ಮ ಮಾತಾ, ಅವರದ್ದಾ?"

ನಾನು ಅಳುತ್ತಿದ್ದೆನಂತೆ. ನನಗೆ ಗೊತ್ತಾಗಿರಲಿಲ್ಲ. "ಮೊದಲು ತುಳುವಿನಲ್ಲಿ ಹೇಳಿದ್ದು ನನ್ನದು. ಈಗ ಹೇಳಿದ್ದು ಅವಳದ್ದು," ಅಂದೆ. "ಎರಡನ್ನೂ ಬರ್ಕೊ ಮಗಾ."

೧೩ ಮೇ, ಮಂಗಳವಾರ

ಬರೆದುಕೊಂಡಿದ್ದಾಳೆ, ನಿಯಮದ ಪ್ರಕಾರ. ಲೀಲಾಧರ ಸರ್ ನನ್ನನ್ನು ಕರೆದು, ಇನ್ನು ಮುಂದೆ ಆ ಕೋಣೆಗೆ ಹೋಗುವುದು ಬೇಡ ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

೧೬ ಮೇ, ಶುಕ್ರವಾರ

ದೇಜಪ್ಪನಿಗೆ ಸರ್ ತಿಳಿಸಿದರು. ಅವನು ಆಫೀಸಿನಿಂದ ಹೊರಗೆ ಬಂದು ಬಾಗಿಯ ಎದುರು ನಿಂತ. ಹೊಡೆಯುತ್ತಾನೆ ಅಂದುಕೊಂಡು ನಾನು ಬಕೆಟ್ ಬಿಟ್ಟು ಓಡಿದೆ. ಹೊಡೆಯಲಿಲ್ಲ. "ಮಗು ಇನ್ನು ನಮ್ಮದು," ಅಂದ. "ನಿನ್ನ ಕೈಗೆ ಕೊಡುವುದಿಲ್ಲ." ಬಾಗಿ ಆಯಿತು ಅಂತ ತಲೆಯಾಡಿಸಿದಳು.

ಸರ್ ಮತ್ತು ಜ್ಯೋತ್ಸ್ನಾ ಅವನನ್ನು ಕೂರಿಸಿ ಮಾತಾಡಿದ ಮೇಲೆ ಒಂದಕ್ಕೆ ಒಪ್ಪಿದ್ದಾನೆ. ತಿಂಗಳಿಗೊಮ್ಮೆ ಭಾನುವಾರ ಕೇಂದ್ರಕ್ಕೆ ಮಗುವನ್ನು ತರುತ್ತಾನೆ, ಎಲ್ಲರೆದುರು ಅರ್ಧ ಗಂಟೆ.

ನಾನು ಹೇಳು ಅನ್ನದಿದ್ದರೆ ಅವಳು ಹೇಳುತ್ತಿರಲಿಲ್ಲ. ಮಗಳನ್ನು ಕಳೆದುಕೊಳ್ಳುತ್ತಿರಲಿಲ್ಲ. ಕಳೆದುಕೊಳ್ಳದಿದ್ದರೆ ಮಗುವಿನ ಗತಿ ಏನೋ. ಯಾವ ಕಡೆಯಿಂದ ಯೋಚಿಸಿದರೂ ದಾರಿ ಸಿಗುವುದಿಲ್ಲ.

೨೪ ಮೇ, ಶನಿವಾರ

ಬಾಗಿ ಇನ್ನೂ ಇದ್ದಾಳೆ. ಮೆಟ್ಟಿಲು ಇಳಿದು ಹೋಗಿಲ್ಲ. ಬೆಳಗ್ಗೆ ಮೆಂತ್ಯ ಸೊಪ್ಪು ಬಿಡಿಸಲು ಬಂದು ಕೂತಳು. ಮೂರು ಕಿಲೋ ಮುಗಿಯಿತು.

೧ ಜೂನ್, ಭಾನುವಾರ

ಇವತ್ತು ದೇಜಪ್ಪ ಅಶ್ಮಿತಾಳನ್ನು ತಂದಿದ್ದ. ಮಗು ಮಾವನ ಕಾಲು ಬಿಡಲಿಲ್ಲ. ಬಾಗಿ ಹತ್ತಿರ ಹೋಗಲಿಲ್ಲ, ಬೆಂಚಿನ ಈ ತುದಿಯಲ್ಲಿ ಕೂತೇ ನೋಡಿದಳು. ಅರ್ಧ ಗಂಟೆ ಆಯಿತು. ಹೋದರು.

ಮನೆಗೆ ಬಂದಾಗ ಇವರು ಹೋಟೆಲಿನಲ್ಲಿದ್ದರು. ಪ್ರಿಯಂವದಾ ಅಡಿಗೆ ಮನೆಯಲ್ಲಿ ಚಹಾ ಮಾಡುತ್ತಿದ್ದಳು. ಎರಡು ಕಪ್ಪಿಗೆ ಸುರಿದಳು. ಒಂದನ್ನು ನನ್ನ ಮುಂದೆ ಇಟ್ಟಳು. ಎರಡು ತಿಂಗಳಾದ ಮೇಲೆ ಮೊದಲ ಮಾತು:

"ಉಸ್ ಆಜೀ ಕಾ ನಾಮ್ ಕ್ಯಾ ಥಾ, ಮಮ್ಮಿ?"

ಆ ಅಜ್ಜಿಯ ಹೆಸರೇನಿತ್ತು.

ಬೆಡ್ ನಂಬರ್ ಒಂಬತ್ತು. ಕಿಟಕಿಯ ಪಕ್ಕ. ಬಲ ಸೊಂಟ. ಬಲಗೈಯಲ್ಲಿ ಹಸಿರು ಗಾಜಿನ ಬಳೆ ಎರಡು, ಎಡಗೈಯಲ್ಲಿ ಇಲ್ಲ, ಸಲೈನ್ ಹಾಕಲು ನಾನೇ ತೆಗೆಸಿದ್ದೆ. ಅವರ ಕೇಸ್ ಪೇಪರಿನ ಮೇಲೆ ಹನ್ನೊಂದು ದಿನ ನಾನು ಸಹಿ ಹಾಕಿದ್ದೇನೆ, ಅವರ ಹೆಸರಿನ ಕೆಳಗೇ.

ಚಹಾ ಆರಿ ಕೆನೆ ಕಟ್ಟುವವರೆಗೆ ಯೋಚಿಸಿದೆ. ಅವಳು ಎದುರು ಕೂತು ಕಾಯುತ್ತಲೇ ಇದ್ದಳು.

ನೆನಪಿಲ್ಲ ಅಂದೆ.